ಎದುರುಮನೆ ದೊಡ್ಡಮ್ಮ ಮತ್ತು ಚೈನಾ ನೂಲು

ದೊಡ್ಡಮ್ಮನ ಬೆರಳ ತುದಿಗಳು ಬೆಳ್ಳಗಿದ್ದವು. ಮೈ ಕಪ್ಪು, ಮುಂಗೈ ಕಪ್ಪು. ಗೆಣ್ಣು ದಾಟಿದ ಮೇಲೆ ಮಾತ್ರ ಸುಣ್ಣದಲ್ಲಿ ಅದ್ದಿ ತೆಗೆದಂತೆ ಬಿಳಿ. ಮುಟ್ಟಿದರೆ ಚರ್ಮದ ಹಾಗಿರಲಿಲ್ಲ, ಗಟ್ಟಿಯಾದ ಮೇಣದ ಹಾಗಿತ್ತು. ಮೂವತ್ತೈದು ವರ್ಷ ಕುದಿಯುವ ನೀರಿನಲ್ಲಿ ರೇಷ್ಮೆಗೂಡಿನ ಎಳೆ ಹುಡುಕಿದ ಬೆರಳುಗಳು ಅವು. ಗೆರೆಗಳೆಲ್ಲ ಸವೆದುಹೋಗಿದ್ದರಿಂದ ರೇಷನ್ ಅಂಗಡಿಯ ಯಂತ್ರ ಅವಳನ್ನು ಗುರುತು ಹಿಡಿಯುತ್ತಿರಲಿಲ್ಲ. ಹತ್ತೂ ಬೆರಳನ್ನು ಒಂದೊಂದಾಗಿ ಒತ್ತಿಸಿ, ಹಿಂದೆ ನಿಂತವರು ಗೊಣಗತೊಡಗಿದ ಮೇಲೆ ಡೀಲರು ಕಣ್ಣು ನೋಡುವ ಇನ್ನೊಂದು ಯಂತ್ರ ತರುತ್ತಿದ್ದ. "ಬೆರಳಿಲ್ದೋಳು ಬಂದವ್ಳೆ ಅಂತ ಬರ್ಕಳಪ್ಪ, ಪ್ರತಿ ತಿಂಗ್ಳೂ ಇದೇ ಆಯ್ತು" ಎನ್ನುತ್ತಿದ್ದಳು ದೊಡ್ಡಮ್ಮ. ಸಿಟ್ಟಿನಿಂದಲ್ಲ. ಸಿಟ್ಟು ಮಾಡಿಕೊಳ್ಳುವಷ್ಟು ತ್ರಾಣವನ್ನು ಅವಳು ಬೇರೆ ಒಂದು ವಿಷಯಕ್ಕಾಗಿ ಎತ್ತಿಟ್ಟಿದ್ದಳು.

ಹಿಂದೂಪುರದ ನಮ್ಮ ಬೀದಿಯಲ್ಲಿ ಅವಳದು ಎದುರುಮನೆ. ರಕ್ತಸಂಬಂಧವಿಲ್ಲ. ನಮ್ಮಮ್ಮನಿಗೆ ಉಬ್ಬಸ, ಚಳಿಗಾಲದಲ್ಲಿ ಒಲೆ ಮುಂದೆ ನಿಲ್ಲುವುದಕ್ಕೇ ಆಗುತ್ತಿರಲಿಲ್ಲ. ಆರನೆಯ ವಯಸ್ಸಿನಿಂದ ನನ್ನ ಮಧ್ಯಾಹ್ನದ ಊಟ ದೊಡ್ಡಮ್ಮನ ಮನೆಯಲ್ಲೇ ಆಯಿತು. ನನ್ನನ್ನು ಅವಳು ಕರೆಯುತ್ತಿದ್ದದ್ದು 'ಪಾಪ' ಎಂದು, ಅಂದರೆ ಮಗು. ಅವಳು ಹುಟ್ಟಿದ್ದು ಕಲ್ಯಾಣದುರ್ಗದಿಂದ ಸೆಟ್ಟೂರಿನ ಕಡೆ ಹೋಗುವ ದಾರಿಯ ಒಂದು ಹಳ್ಳಿಯಲ್ಲಿ. ಮದುವೆಯಾಗಿ ಹಿಂದೂಪುರಕ್ಕೆ ಬಂದಾಗ ಗಂಡನ ಮನೆಯವರು ನೂಲು ಬಿಚ್ಚುವವರು, ಅಂದರೆ ಗೂಡು ಬೇಯಿಸಿ ಅದರಿಂದ ರೇಷ್ಮೆ ಎಳೆ ತೆಗೆಯುವವರು. ಗಂಡ ಬೇಗ ತೀರಿಕೊಂಡ. ಮಕ್ಕಳಿರಲಿಲ್ಲ. ಮನೆಯ ಹಿಂದಿನ, ಗೂಡು ಬೇಯಿಸುವ ನಾಲ್ಕು ಬೇಸಿನ್ನಿನ ಶೆಡ್ಡನ್ನು ಮೂವರು ಕೂಲಿ ಹೆಂಗಸರ ಜೊತೆ ತಾನೇ ನಡೆಸಿದಳು.

ಸಂಜೆ ಶಾಲೆ ಬಿಟ್ಟ ಮೇಲೆ ನಾನು ಗೂಡಿನ ಚೀಲಗಳ ಮೇಲೆ ಕೂತು ಲೆಕ್ಕ ಬರೆಯುತ್ತಿದ್ದೆ. ಬೆಂದ ಹುಳದ ವಾಸನೆ ಮೊದಲ ಹತ್ತು ನಿಮಿಷ ಗಂಟಲಿಗೆ ಬರುತ್ತಿತ್ತು, ಆಮೇಲೆ ಇಲ್ಲವೇ ಇಲ್ಲ ಅನ್ನುವಂತಾಗುತ್ತಿತ್ತು. ದೊಡ್ಡಮ್ಮ ಒಂದು ಗೂಡನ್ನು ಎತ್ತಿ ಕಿವಿಯ ಹತ್ತಿರ ಅಲ್ಲಾಡಿಸಿ, "ಇದು ಸತ್ತೈತೆ" ಎಂದು ಪಕ್ಕಕ್ಕೆ ಹಾಕುತ್ತಿದ್ದಳು. ನನ್ನ ಕಿವಿಗೆ ಎಲ್ಲವೂ ಒಂದೇ ಸದ್ದು. ಎಣಿಸುವುದು ತೆಲುಗಿನಲ್ಲಿ, ಬೈಯುವುದು ಕನ್ನಡದಲ್ಲಿ. ಎರಡಕ್ಕೂ ಸೇರದ ಒಂದು ಮಾತಿತ್ತು, ದಿನಕ್ಕೆ ಇಪ್ಪತ್ತು ಸಲ ಬರುತ್ತಿತ್ತು: "ಹೋಗ್ಲಿ ಬಿಡು." ಎಳೆ ಹರಿದರೆ ಹೋಗ್ಲಿ ಬಿಡು. ಕೂಲಿಯವಳು ಬಾರದಿದ್ದರೆ ಹೋಗ್ಲಿ ಬಿಡು. ನಾನು ಲೋಟ ಒಡೆದಾಗ ನಗುತ್ತಾ ಅಂದದ್ದೂ ಅದನ್ನೇ, ಗಂಡನ ತಿಥಿಗೆ ಅವನ ಅಣ್ಣತಮ್ಮಂದಿರು ಯಾರೂ ಬಾರದಿದ್ದಾಗ ಅಂದದ್ದೂ ಅದನ್ನೇ. ಯಾವುದು ಯಾವುದೆಂದು ತಿಳಿಯಲು ಅವಳ ಮುಖ ನೋಡಬೇಕಿತ್ತು. ನಾನು ಹತ್ತು ವರ್ಷದವಳಾಗುವ ಹೊತ್ತಿಗೆ ಆ ಮುಖವನ್ನು ಓದಲು ಕಲಿತಿದ್ದೆ.

ನಾನು ಹೈಸ್ಕೂಲಿಗೆ ಬಂದಾಗ ಚೈನಾ ನೂಲು ಬಂತು. ಹಡಗಿನಲ್ಲಿ ಬರುವ ಆ ನೂಲು ಗಂಟಿಲ್ಲದೆ, ಒಂದೇ ದಪ್ಪಕ್ಕೆ, ಕೂದಲಿನ ಹಾಗೆ ಇರುತ್ತದೆ ಎಂದು ನೇಕಾರರು ಹೇಳತೊಡಗಿದರು. ದೊಡ್ಡಮ್ಮನ ನೂಲಿನ ಲಡಿಗಳನ್ನು ಕೊಳ್ಳುತ್ತಿದ್ದವರು ಮೊದಲು ತಡವಾಗಿ ಬಂದರು, ಆಮೇಲೆ ಬರಲಿಲ್ಲ. ಒಂದೊಂದೇ ಬೇಸಿನ್ನು ನಿಂತಿತು. ಕೊನೆಗೆ ಮೋಟಾರುಗಳನ್ನು ಗುಜರಿಯವನು ಗಾಡಿಗೆ ಹಾಕಿಕೊಂಡು ಹೋದ. ಉಳಿದದ್ದು ಅವಳ ಮಾವನ ಕಾಲದ, ಬಿಚ್ಚಿದ ನೂಲನ್ನು ಸುತ್ತುವ ಒಂದು ಮರದ ಚರಕ, ಒಂದು ತಾಮ್ರದ ಬಾಣಲೆ. ಅವಳು ಬೇರೆಯವರ ಶೆಡ್ಡಿಗೆ ಕೂಲಿಗೆ ಹೋದಳು. ಅಲ್ಲಿಗೂ ದೊಡ್ಡ ಯಂತ್ರ ಬಂದ ಮೇಲೆ ಮನೆಯಲ್ಲಿ ಕೂತಳು.

ಅವಳು ಎತ್ತಿಟ್ಟಿದ್ದ ಸಿಟ್ಟು ಇದಕ್ಕೆ. ಚಪ್ಪಲಿ ಕಿತ್ತರೆ "ಚೈನಾದ್ದು" ಅನ್ನುವಳು. ಬ್ಯಾಟರಿ ದೀಪ ಕೆಟ್ಟರೆ ಚೈನಾ. ಟಿ.ವಿ.ಯಲ್ಲಿ ಆ ದೇಶದ ಹೆಸರು ಬಂದರೆ ಎದ್ದು ಹೋಗಿ ಅಂಗಳಕ್ಕೆ ನೀರು ಹಾಕುತ್ತಿದ್ದಳು. ಅಲ್ಲಿ ಮನುಷ್ಯರಿದ್ದಾರೆಂದು ಅವಳು ನಂಬಿರಲಿಲ್ಲ ಎಂದು ಈಗ ಅನ್ನಿಸುತ್ತದೆ. ಒಂದು ಬಹಳ ದೊಡ್ಡ ಮಿಷನ್ನಿದೆ, ಅದರ ಒಂದು ತುದಿಯಿಂದ ನೂಲು ಬರುತ್ತಲೇ ಇರುತ್ತದೆ ಎಂದುಕೊಂಡಿದ್ದಳು.

ಹೀಗೆ ವರ್ಷಗಳು ಕಳೆದು, ಒಂದು ಜನವರಿಯಲ್ಲಿ ನಮ್ಮ ಕಾಲೇಜಿನ ಪ್ರಿನ್ಸಿಪಾಲರು ನನ್ನನ್ನು ಕರೆದರು. ನಾನು ಅಲ್ಲಿ ಇಂಗ್ಲಿಷ್ ಪಾಠ ಮಾಡುವವಳು, ಪ್ರತಿ ವರ್ಷ ಹೊಸ ಆರ್ಡರಿಗೆ ಕಾಯುವ ಗುತ್ತಿಗೆಯವಳು. ಬೆಂಗಳೂರಿನ ಒಂದು ಕಲಾಸಂಸ್ಥೆಯ ಮೂಲಕ ಇಬ್ಬರು ಕಲಾವಿದರು ಬರುತ್ತಾರೆ, ಒಬ್ಬ ಅಮೆರಿಕದವನು, ಒಬ್ಬಾಕೆ ಚೀನಾದವಳು, ಮೂರು ವಾರ ಅವರ ಮಾತು ಊರಿನವರಿಗೆ, ಊರಿನವರ ಮಾತು ಅವರಿಗೆ ಹೇಳಬೇಕು ಎಂದರು. ಆ ಇಬ್ಬರೂ ಕೆಲವು ವರ್ಷಗಳಿಂದ ಒಟ್ಟಿಗೆ ಕೆಲಸ ಮಾಡುತ್ತಿದ್ದರು. ಆತ ಮರ ಮತ್ತು ತಂತಿಯಲ್ಲಿ ಕೆಲಸ ಮಾಡುವವನು, ಅರವತ್ತು ದಾಟಿದವನು. ಆಕೆ ರೇಷ್ಮೆಬಟ್ಟೆಯ ಮೇಲೆ ಮಸಿಯಲ್ಲಿ ಚಿತ್ರ ಬರೆಯುವವಳು, ಸುಮಾರು ನನ್ನದೇ ವಯಸ್ಸು. ಒಂದು ವರ್ಷ ಆತನ ದೇಶದಲ್ಲಿ ಆಕೆ ಬಡಗಿ ಕೆಲಸ ಕಲಿತಿದ್ದಳು, ಒಂದು ವರ್ಷ ಆಕೆಯ ದೇಶದಲ್ಲಿ ಆತ ಕುಂಚ ಹಿಡಿಯುವುದನ್ನು ಕಲಿತಿದ್ದ. ಅವರ ಎರಡು ಸರ್ಕಾರಗಳು ಪರಸ್ಪರ ಮುಖ ತಿರುಗಿಸಿಕೊಂಡಿದ್ದ ದಿನಗಳವು. ಅವರು ಬಂದ ದಿನ, ಈ ಊರೇ ಯಾಕೆ ಎಂದು ಕೇಳಿದೆ. "ಇವನ ಮನೆಯಲ್ಲಿ ನಾನು ನೆಂಟಳು, ನನ್ನ ಮನೆಯಲ್ಲಿ ಇವನು ನೆಂಟ. ಇಬ್ಬರೂ ನೆಂಟರಾಗುವ ಊರು ಬೇಕಿತ್ತು, ಅಲ್ಲಿ ರೇಷ್ಮೆ ಇರಬೇಕಿತ್ತು" ಎಂದಳು ಆಕೆ, ಒಂದೊಂದೇ ಪದ ಹುಡುಕಿ ಜೋಡಿಸುವ ಇಂಗ್ಲಿಷಿನಲ್ಲಿ.

ಕೈಯಿಂದ ನೂಲು ಬಿಚ್ಚುವ ಜಾಗ ಬೇಕು ಎಂದರು. ಊರಿನಲ್ಲಿ ಮರದ ಚರಕ ಉಳಿದಿದ್ದ ಶೆಡ್ಡು ನನಗೆ ಗೊತ್ತಿದ್ದದ್ದು ಒಂದೇ.

"ಚೈನಾದೋಳಾ" ಎಂದಳು ದೊಡ್ಡಮ್ಮ. ಅಕ್ಕಿ ಆರಿಸುತ್ತಿದ್ದ ಮೊರ ಕೆಳಗಿಟ್ಟಳು. "ನನ್ನ ಬಾಗ್ಲಿಗಾ?"

"ಬೇಡ ಅಂದ್ರೆ ಬೇಡ ದೊಡ್ಡಮ್ಮ. ಬೇರೆ ಕಡೆ ನೋಡ್ತೀನಿ."

ಮತ್ತೆ ಮೊರ ಎತ್ತಿಕೊಂಡಳು. "ಬರ್ಲಿ. ಒಂದ್ಸಲ ಮುಖ ನೋಡ್ಬುಡ್ತೀನಿ."

ಮುಖ ನೋಡಲಿಲ್ಲ. ಮೊದಲ ನಾಲ್ಕು ದಿನ ದೊಡ್ಡಮ್ಮ ಆಕೆ ಅಲ್ಲಿ ಇಲ್ಲವೇ ಇಲ್ಲ ಎನ್ನುವಂತೆ ಓಡಾಡಿದಳು. ಅಮೆರಿಕದ ಕಲಾವಿದನಿಗೆ ಸ್ಟೀಲ್ ಲೋಟದಲ್ಲಿ ಬೆಲ್ಲದ ಕಾಫಿ ಬರುತ್ತಿತ್ತು, ನನಗೂ ಬರುತ್ತಿತ್ತು. ಚೀನಾದ ಕಲಾವಿದೆಗೆ ಒಂದು ತಂಬಿಗೆ ನೀರು. ನನಗೆ ನೆಲ ಬಿರಿದು ಒಳಗೆ ಹೋಗಬೇಕೆನ್ನಿಸುತ್ತಿತ್ತು. ಆಕೆ ಎರಡು ಕೈಯಲ್ಲಿ ತಂಬಿಗೆ ಹಿಡಿದು, ತಲೆ ಬಾಗಿಸಿ, ನೀರು ಕುಡಿದು, ಒಂದು ಮೂಲೆಯಲ್ಲಿ ಕೂತು ಚಿತ್ರ ಬರೆಯುತ್ತಿದ್ದಳು.

ಆತ ಕ್ಯಾಮೆರಾ ಇಟ್ಟು ದೊಡ್ಡಮ್ಮನ ಕೈಗಳನ್ನು ಹಿಡಿಯುತ್ತಿದ್ದ. ಒಳ್ಳೆಯ ಮನುಷ್ಯ, ಪ್ರತಿಯೊಂದಕ್ಕೂ ಕೈಮುಗಿದು ಕೇಳುತ್ತಿದ್ದ. ಆದರೆ ಒಂದೇ ಕೆಲಸವನ್ನು ಆರು ಸಲ ಮಾಡಿಸುತ್ತಿದ್ದ. ಇನ್ನೂ ನಿಧಾನ, ಇನ್ನೊಮ್ಮೆ, ಬೆಳಕು ಸರಿಯಿಲ್ಲ, ಇನ್ನೊಮ್ಮೆ.

"ಎಷ್ಟು ಸಲ ಕಣಪ್ಪ" ಎನ್ನುತ್ತಿದ್ದಳು ದೊಡ್ಡಮ್ಮ. "ನೀರು ನಿಧಾನಕ್ಕೆ ಕುದಿತೈತಾ? ಕೇಳು ಅವನ್ನ."

ನಾನು ಅದನ್ನು, 'ಸ್ವಲ್ಪ ಆಯಾಸವಾಗಿದೆಯಂತೆ' ಎಂದು ಹೇಳುತ್ತಿದ್ದೆ. ಬೆಳಿಗ್ಗೆ ಕಾಲೇಜು, ಆಮೇಲೆ ಶೆಡ್ಡು, ಸಂಜೆ ಟ್ಯೂಷನ್, ಮನೆಯಲ್ಲಿ ಅಮ್ಮನ ಉಸಿರು. ಎರಡು ಕಡೆಯ ಮಾತನ್ನು ಮೆತ್ತಗೆ ಮಾಡಿ ದಾಟಿಸಿದರೆ ದಿನ ಸುಲಭವಾಗಿ ಕಳೆಯುತ್ತದೆ ಎಂದು ಎರಡನೆಯ ದಿನಕ್ಕೇ ಕಂಡುಕೊಂಡಿದ್ದೆ.

ಐದನೆಯ ದಿನ ಆತ ತಾನು ತೆಗೆದದ್ದನ್ನು ಚಿಕ್ಕ ಪರದೆಯಲ್ಲಿ ತೋರಿಸಿದ. ಬಾಣಲೆ, ಹಬೆ, ಬಿಳಿ ಬೆರಳುಗಳು. ದೊಡ್ಡಮ್ಮ ಬಗ್ಗಿ ನೋಡಿದಳು.

"ಇದ್ಯಾರ ಕೈ?" ಎಂದಳು.

ಆತ ನಕ್ಕು, ನಿಮ್ಮದೇ ಎಂದ. ಚೀನಾದ ಕಲಾವಿದೆ ನಗಲಿಲ್ಲ. ಆತನ ಕಡೆ ತಿರುಗಿ, ಯಾರ ಕೈ ಎಂದು ಗೊತ್ತಾಗುವಂತೆ ನೀನು ತೆಗೆದಿಲ್ಲ, ಅದಕ್ಕೇ ಕೇಳಿದಳು ಎಂದಳು. ಅವರಿಬ್ಬರೂ ವಾದ ಮಾಡಿದರು, ಬಹಳ ದಿನ ಜೊತೆಗಿದ್ದವರು ಮಾಡುವ ಹಾಗೆ, ದನಿ ಏರಿಸದೆ. ಅದರ ನಡುವೆ ದೊಡ್ಡಮ್ಮ ಮೊದಲ ಸಲ ಆಕೆಯನ್ನು ನೇರವಾಗಿ ನೋಡಿದಳು.

"ಇವ್ಳನ್ನ ಒಂದು ಮಾತು ಕೇಳ್ಬೇಕು ಪಾಪ. ಅವ್ರೂರ್ನಾಗೆ ನೂಲು ಯಾರು ಬಿಚ್ತಾರೆ? ಎಲ್ಲಾ ಮಿಷನ್ನಾ?"

ನಾನು ಕೇಳಿದೆ. ಆಕೆ ಎದ್ದು, ಅಂಗಿಯ ತೋಳು ಮಡಚಿ, ಬಾಣಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತಳು. ಚಿಕ್ಕ ಪೊರಕೆಯಿಂದ ಕುದಿಯುವ ಗೂಡುಗಳ ಮೇಲೆ ಎರಡು ಸಲ ಸವರಿ, ಬಿಸಿನೀರಿಗೆ ಕೈ ಹಾಕಿ, ಎಂಟು ಎಳೆಗಳನ್ನು ಒಟ್ಟಿಗೆ ಹಿಡಿದು ಮೇಲಕ್ಕೆತ್ತಿದಳು. ಮುಖ ಕಿವುಚಲಿಲ್ಲ. ನಾನು ಅಷ್ಟು ವರ್ಷ ಆ ಶೆಡ್ಡಿನಲ್ಲಿ ಕೂತು ಬೆಳೆದವಳು ಒಂದು ದಿನವೂ ಆ ನೀರಿಗೆ ಕೈ ಹಾಕಿರಲಿಲ್ಲ.

ಆಮೇಲೆ ಹೇಳಿದಳು. ಆಕೆಯ ತಾಯಿ ರೇಷ್ಮೆ ಕಾರ್ಖಾನೆಯಲ್ಲಿ ಇಪ್ಪತ್ತಾರು ವರ್ಷ ನೂಲು ಬಿಚ್ಚಿದವಳು. ಶಾಲೆ ಬಿಟ್ಟ ಮೇಲೆ ಆಕೆಯೂ ಅಲ್ಲಿಗೇ ಹೋಗಿ ಕೂರುತ್ತಿದ್ದಳು. ಒಂದು ವರ್ಷ ಕಾರ್ಖಾನೆ ಮುಚ್ಚಿತು. ನೂಲಿನ ಕೆಲಸ ಇನ್ನಷ್ಟು ಬಡವರಿದ್ದ ಬೇರೆ ಪ್ರಾಂತಕ್ಕೆ ಹೋಯಿತು. ತಾಯಿ ಆಮೇಲೆ ಬೀದಿಯಲ್ಲಿ ತರಕಾರಿ ಮಾರಿದಳು.

ದೊಡ್ಡಮ್ಮ ಆಕೆಯ ಕೈ ಹಿಡಿದು ತಿರುಗಿಸಿ, ಬೆರಳ ತುದಿಯನ್ನು ಒಂದೊಂದಾಗಿ ಒತ್ತಿ ನೋಡಿದಳು. ನೀರಿನ ಬಿಸಿಗೆ ಅವು ಕೆಂಪಾಗಿದ್ದವು.

"ಇವ್ಳ ಕೈ ಮೆತ್ತಗೈತೆ. ಅವ್ರಮ್ಮನ ಕೈ ಹೆಂಗಿತ್ತು ಕೇಳು."

ಆಕೆ ದೊಡ್ಡಮ್ಮನ ಬೆರಳುಗಳನ್ನು ಮುಟ್ಟಿ ತೋರಿಸಿದಳು.

ಒಲೆಯಲ್ಲಿ ಸೌದೆ ಕುಸಿಯಿತು. ದೊಡ್ಡಮ್ಮ ಅದನ್ನು ಒಳಕ್ಕೆ ನೂಕಿ, ತಲೆ ಎತ್ತದೆ ಕೇಳಿದಳು: "ನಮ್ಮ ಮಿಷನ್ ಕಿತ್ಕಂಡೋರು ಅವ್ರು ಅನ್ಕಂಡಿದ್ದೆ. ಅವ್ರಮ್ಮನ ಮಿಷನ್ ಕಿತ್ಕಂಡೋರು ಯಾರಂತೆ?"

ಈ ಸಲ ನಾನು ಒಂದಕ್ಷರವೂ ಬದಲಿಸದೆ ಕೇಳಿದೆ. "ನನ್ನ ತಾಯಿಯೂ ಇದನ್ನೇ ಕೇಳುತ್ತಿದ್ದಳು, ನನಗೆ ಗೊತ್ತಾಗಲಿಲ್ಲ" ಎಂದಳು ಆಕೆ. ಅಮೆರಿಕದ ಕಲಾವಿದ ಕ್ಯಾಮೆರಾವನ್ನು ಯಾವಾಗಲೋ ಆರಿಸಿ ನೆಲದ ಮೇಲೆ ಕೂತಿದ್ದ. ದೊಡ್ಡಮ್ಮ ಎದ್ದು ಒಳಗೆ ಹೋದಳು. ಮೂರು ಲೋಟ ಕಾಫಿ ತಂದಳು. ಮೊದಲನೆಯದನ್ನು ಆಕೆಯ ಮುಂದಿಟ್ಟಳು.

ಆ ವಾರದ ಕೊನೆಗೆ ಗೂಡು ಮುಗಿಯಿತು. ಮಾರುಕಟ್ಟೆಯಲ್ಲಿ ಕೊಳ್ಳಬಹುದಿತ್ತು, ದೊಡ್ಡಮ್ಮ ತಮ್ಮನ ಮನೆಯಿಂದಲೇ ತರೋಣ ಎಂದಳು. ತವರಿಗೆ ಹೋಗದೆ ಆರು ವರ್ಷವಾಗಿತ್ತು. ಯಾಕೆ ಹೋಗಿರಲಿಲ್ಲ ಎಂದರೆ ಕಾರಣವೇನಿಲ್ಲ. ಕೆಲಸ ನಿಂತ ಮೇಲೆ ಹೋಗುವ ಮನಸ್ಸೂ ನಿಂತಿತ್ತು, ಅಷ್ಟೆ. ನಾಲ್ವರೂ ಮಡಕಶಿರ, ಪಾವಗಡದ ಮೇಲೆ ಕಲ್ಯಾಣದುರ್ಗಕ್ಕೆ ಹೋಗುವ ಬಸ್ಸು ಹಿಡಿದೆವು. ಬೋರ್ಡುಗಳು ತೆಲುಗಿನಿಂದ ಕನ್ನಡಕ್ಕೆ ತಿರುಗಿ ಮತ್ತೆ ತೆಲುಗಾದದ್ದನ್ನು ಕಂಡು ಆತ, ಗಡಿ ಎಲ್ಲಿ ಎಂದು ಕೇಳಿದ. ನಾನು ದೊಡ್ಡಮ್ಮನಿಗೆ ಹೇಳಿದೆ.

"ಗಡಿ ಆಫೀಸಿನೋರಿಗೆ. ನಮಗೇನೈತೆ" ಎಂದಳು. "ಇಲ್ಲಿ ಹೆಣ್ಣು ಕೊಡ್ತೀವಿ, ಅಲ್ಲಿಂದ ತರ್ತೀವಿ."

ಕಲ್ಯಾಣದುರ್ಗದಲ್ಲಿ ಇಳಿದು ಶೇರ್ ಜೀಪಿನಲ್ಲಿ, ಕಡಲೆಕಾಯಿ ಮೂಟೆಗಳ ಮೇಲೆ ಕಾಲಿಟ್ಟು ಹಳ್ಳಿಗೆ ಹೋದೆವು. ತಮ್ಮನ ಹೆಂಡತಿ ಬಾಗಿಲಲ್ಲೇ ನಿಂತು ಚೀನಾದ ಕಲಾವಿದೆಯನ್ನು ಮೇಲಿಂದ ಕೆಳಗೆ ನೋಡಿ, "ಇವ್ರು ಯಾರು ಅತ್ಗೆ?" ಎಂದಳು.

"ನೂಲು ಬಿಚ್ಚೋ ಮನೇ ಮಗಳು ಕಣಮ್ಮ" ಎಂದಳು ದೊಡ್ಡಮ್ಮ. "ಒಳ್ಗೆ ಕರ್ಕೋ."

ಹುಳು ಸಾಕುವ ಮನೆಯ ಹೊಸ್ತಿಲಲ್ಲಿ ಆಕೆ ತಾನಾಗಿಯೇ ಚಪ್ಪಲಿ ಬಿಟ್ಟು ನಿಂತಳು, ಒಳಗೆ ಬರಲಿಲ್ಲ. ಹುಳು ಹಣ್ಣಾಗಿ ಗೂಡು ಕಟ್ಟಲು ತಯಾರಾಗುವ ದಿನಗಳಲ್ಲಿ ಹೊರಗಿನವರು ಒಳಗೆ ಹೋಗಬಾರದು, ಜೋರಾಗಿ ಮಾತಾಡಬಾರದು ಎಂದು ತನ್ನ ಅಜ್ಜಿ ಹೇಳುತ್ತಿದ್ದಳು ಎಂದಳು. ನಾನು ಅದನ್ನು ಹೇಳಿದಾಗ ಆ ಹೆಂಗಸರಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು. "ನಮ್ಮತ್ತೇನೂ ಹಂಗೇ ಅಂತಿದ್ಲು" ಎಂದಳು ತಮ್ಮನ ಹೆಂಡತಿ. ದೊಡ್ಡಮ್ಮನೇ ಆಕೆಯ ಮೊಣಕೈ ಹಿಡಿದು ಒಳಕ್ಕೆ ಕರೆದುಕೊಂಡಳು. ತಟ್ಟೆಗಳಲ್ಲಿ ಹುಳುಗಳು ಸೊಪ್ಪು ಕಡಿಯುವ ಸದ್ದನ್ನು ಕೇಳುತ್ತಾ ಅವರು ಎಷ್ಟೋ ಹೊತ್ತು ಅಲ್ಲೇ ನಿಂತಿದ್ದರು. ನನ್ನನ್ನು ಕರೆಯಲಿಲ್ಲ. ನಾನು ಜಗುಲಿಯಲ್ಲಿ ಕೂತು, ಅವರು ಬಂದ ಮೇಲೆ ಮೊದಲ ಸಲ, ಮಾತಾಡದೆ ಒಂದು ಗಂಟೆ ಕಳೆದೆ.

ಹಿಂದಿನ ಬೆಳೆಯ ಗೂಡಿನ ಚೀಲಗಳೊಂದಿಗೆ ಹಿಂದಿರುಗಿದ ಮೇಲೆ ಕೆಲಸ ಸರಾಗವಾಯಿತು. ಆತ ಚರಕ ತಿರುಗಿಸುತ್ತಿದ್ದ, ದೊಡ್ಡಮ್ಮ ಅಥವಾ ಆಕೆ ಬಾಣಲೆಯ ಮುಂದೆ. ಬಿಚ್ಚಿದ ನೂಲನ್ನು ಆತ ಕಟ್ಟಿದ ಆಳೆತ್ತರದ ಮರದ ಚೌಕಟ್ಟುಗಳಿಗೆ ನೆಯ್ಗೆಯಿಲ್ಲದೆ, ಬರೀ ಎಳೆ ಎಳೆಯಾಗಿ ಸುತ್ತಿದರು. ಆಕೆ ಅದರ ಮೇಲೆ ಮಸಿಯಲ್ಲಿ ಏನೋ ಬರೆಯುವಳು, ಅದು ಎಳೆಗಳ ನಡುವೆ ಅರ್ಧ ನಿಂತು ಅರ್ಧ ಬಿದ್ದುಹೋಗುತ್ತಿತ್ತು.

"ಇದನ್ನ ಉಟ್ಕಳಾಕಾಗಲ್ಲ, ಹೊದ್ಕಳಾಕಾಗಲ್ಲ. ಏನಕ್ಕೆ ಇದು?" ಎಂದಳು ದೊಡ್ಡಮ್ಮ.

ನೋಡುವುದಕ್ಕೆ ಎಂದರು ಇಬ್ಬರೂ.

ಅವಳು ಸಡಿಲಾಗಿದ್ದ ಒಂದು ಎಳೆಯನ್ನು ಬೆರಳಿನಿಂದ ಸರಿಮಾಡಿದಳು. "ಸರಿ. ಇಷ್ಟು ವರ್ಷ ಎಲ್ರೂ ಸೀರೆ ನೋಡಿದ್ರು. ನನ್ನ ನೂಲನ್ನ ಯಾರೂ ನೋಡಿರ್ಲಿಲ್ಲ."

ಹೊರಡುವ ಹಿಂದಿನ ದಿನ ಮಧ್ಯಾಹ್ನ ಆತ ಚರಕದ ಹತ್ತಿರ ನಿಂತು ಒಂದು ಮಾತು ಕೇಳಿದ. ಚೌಕಟ್ಟುಗಳ ಜೊತೆ ಈ ಚರಕ ಮತ್ತು ಬಾಣಲೆಯನ್ನೂ ಪ್ರದರ್ಶನಕ್ಕೆ ಒಯ್ಯಬಹುದೇ, ನಮ್ಮಲ್ಲಿ ಜನ ಇದನ್ನು ನೋಡಬೇಕು, ಆಮೇಲೆ ಅಲ್ಲಿಯ ಸಂಗ್ರಹಾಲಯದಲ್ಲಿ ಇದು ಸುರಕ್ಷಿತವಾಗಿರುತ್ತದೆ, ಇಲ್ಲಿ ಗೆದ್ದಲು ತಿನ್ನುತ್ತದೆ. ಅದೇ ದಿನ ಬೆಳಿಗ್ಗೆ ನನಗೂ ಒಂದು ಮಾತು ಹೇಳಿದ್ದ: ಪ್ರದರ್ಶನಕ್ಕೆ ನೀವೂ ಬರುವಂತೆ ವ್ಯವಸ್ಥೆ ಮಾಡಬಹುದೇನೋ, ಈ ಚರಕದ ಕಥೆ ಹೇಳುವವರು ಬೇಕಾಗುತ್ತದೆ. ನಾನು ವಿಮಾನ ಹತ್ತಿದವಳಲ್ಲ. ಬೆಳಗಿನಿಂದ ತಲೆಯಲ್ಲಿ ಅದೇ ಓಡುತ್ತಿತ್ತು.

ದೊಡ್ಡಮ್ಮನಿಗೆ ಹೇಳಿದೆ. ಅವಳು ಚರಕದ ಹಿಡಿಯ ಮೇಲೆ ಕೈಯಿಟ್ಟಳು. ಎಷ್ಟೋ ಕೈಗಳು ತಿರುಗಿಸಿ ಅದು ನಡುವಿನಲ್ಲಿ ಸಣ್ಣಗಾಗಿತ್ತು.

"ಹೋಗ್ಲಿ ಬಿಡು" ಎಂದಳು.

ನನಗೆ ಅವಳ ಮುಖ ಕಂಡಿತು. ಗಂಡನ ತಿಥಿಯ ದಿನ ಕಂಡ ಅದೇ ಮುಖ. ಕಂಡೂ ನಾನು ಆತನ ಕಡೆ ತಿರುಗಿ ಇಂಗ್ಲಿಷಿನಲ್ಲಿ, "ಒಪ್ಪಿದ್ದಾಳೆ. ಸಂತೋಷದಿಂದ ಕೊಡುತ್ತಾಳೆ" ಎಂದೆ.

ಆತ ಕೈಮುಗಿದ. ಅಷ್ಟರಲ್ಲಿ ಚೌಕಟ್ಟಿನ ಹಿಂದಿನಿಂದ ಚೀನಾದ ಕಲಾವಿದೆ ಬಂದಳು. "ಅವಳು ಹಾಗೆ ಹೇಳಲಿಲ್ಲ" ಎಂದಳು.

ಆತ ತಬ್ಬಿಬ್ಬಾಗಿ ನನ್ನನ್ನು ನೋಡಿದ. ನಾನು, ಅವಳು ಹೇಳಿದ ಪದದ ಅರ್ಥ ಅದೇ ಎಂದೆ. ಆಕೆ ನನ್ನ ಜೊತೆ ವಾದಿಸಲಿಲ್ಲ. ದೊಡ್ಡಮ್ಮನ ಕಡೆ ಕೈ ತೋರಿಸಿ, "ಪದ ನನಗೆ ಗೊತ್ತಿಲ್ಲ. ಕಾರ್ಖಾನೆಯ ಗೇಟು ಮುಚ್ಚಿದ ದಿನ ನನ್ನ ತಾಯಿ ಮನೆಗೆ ಬಂದು ಇದೇ ದನಿಯಲ್ಲಿ ಒಂದು ಮಾತು ಹೇಳಿದ್ದಳು. ದಯವಿಟ್ಟು ಇನ್ನೊಮ್ಮೆ ಕೇಳಿ" ಎಂದಳು.

ನಾನು ಕೇಳಬೇಕಾಗಲಿಲ್ಲ. ನಮ್ಮ ಮೂವರ ಮುಖ ನೋಡಿಯೇ ದೊಡ್ಡಮ್ಮನಿಗೆ ತಿಳಿದಿತ್ತು.

"ಏನಂದೆ ಪಾಪ ಅವ್ರಿಗೆ?"

ನಾನು ಚರಕದ ಕಡೆ ಮುಖ ತಿರುಗಿಸಿದೆ.

"ಕೊಡಾಕ್ ಮನಸ್ಸಿಲ್ಲ ಅಂತ ಹೇಳು. ಗೆದ್ಲು ತಿಂದ್ರೂ ಇಲ್ಲೇ ತಿನ್ಲಿ."

ಅದನ್ನು ಹೇಳಿದೆ. ಆತನ ಮುಖ ಕೆಂಪಾಯಿತು. ನೆಲದ ಮೇಲೆ, ದೊಡ್ಡಮ್ಮನ ಎದುರು, ಮಂಡಿ ನೋವಿದ್ದವನು ಕಷ್ಟಪಟ್ಟು ಕೂತು ಕ್ಷಮೆ ಕೇಳಿದ. ಇನ್ನೂ ಒಂದು ಚೀಲ ಗೂಡು ಉಳಿದಿತ್ತು. ಆ ದಿನ ಸಂಜೆಯವರೆಗೆ ಆತನೇ ಚರಕ ತಿರುಗಿಸಿದ. ಹೆಂಗಸರಿಬ್ಬರೂ ಸರದಿಯಲ್ಲಿ ಬಿಚ್ಚಿದರು. ಕ್ಯಾಮೆರಾ ಪೆಟ್ಟಿಗೆಯಿಂದ ಹೊರಗೆ ಬರಲಿಲ್ಲ.

ಮಾರನೆಯ ದಿನ ಅವರನ್ನು ಕಾರಿಗೆ ಹತ್ತಿಸಿ ಬಂದ ಮೇಲೆ ನಾನು ಶೆಡ್ಡಿನ ಮೆಟ್ಟಿಲ ಮೇಲೆ ಕೂತೆ. ದೊಡ್ಡಮ್ಮ ಬಾಣಲೆ ತೊಳೆಯುತ್ತಿದ್ದಳು. ಅವಳೇ ಮಾತು ತೆಗೆದಳು.

"ನಿಂಗೆ ಅರ್ಥ ಆಗ್ಲಿಲ್ಲ ಅಂತ ನಾನು ಅನ್ಕಂಡಿಲ್ಲ. ಅರ್ಥ ಆಗಿತ್ತು. ಸುಸ್ತಾಗಿದ್ದೆ ನೀನು."

"ಅದೊಂದೇ ಅಲ್ಲ ದೊಡ್ಡಮ್ಮ. ನನ್ನನ್ನೂ ಕರ್ಕೊಂಡು ಹೋಯ್ತೀನಿ ಅಂದಿದ್ದ."

"ಹೂಂ" ಎಂದಳು. ಬಾಣಲೆಯನ್ನು ಬಿಸಿಲಿಗೆ ಬೋರಲು ಹಾಕಿದಳು. "ಸುಸ್ತಾದೋರಿಗೇ ಆಸೆ ಜಾಸ್ತಿ ಕಣಮ್ಮ. ಉಂಡ್ಯಾ?"

ಅಷ್ಟೇ. ಆ ವಿಷಯವನ್ನು ಅವಳು ಮತ್ತೆ ಎತ್ತಲಿಲ್ಲ. ಬೈದಿದ್ದರೆ ನಾನು ಮರೆಯುತ್ತಿದ್ದೆನೇನೋ.

ಪ್ರದರ್ಶನ ಎರಡೂ ದೇಶಗಳಲ್ಲಿ ನಡೆಯಿತು. ಅವರು ಕಳಿಸಿದ ವಿಡಿಯೊದಲ್ಲಿ ಎತ್ತರದ ಬಿಳಿ ಕೋಣೆಯ ನಡುವೆ ನಮ್ಮ ನೂಲಿನ ಚೌಕಟ್ಟುಗಳು ನಿಂತಿದ್ದವು. ಗೋಡೆಯ ಮೇಲೆ ದೊಡ್ಡಮ್ಮನ ಇಡೀ ಮುಖ, ಅದರ ಕೆಳಗೆ ಕೈಗಳು, ಅವಳ ಹೆಸರು ಮೂರು ಲಿಪಿಗಳಲ್ಲಿ. ನನ್ನ ಫೋನಿನಲ್ಲಿ ಅದನ್ನು ನೋಡಿ ದೊಡ್ಡಮ್ಮ, "ಜನ ಕಮ್ಮಿ ಅವ್ರೆ" ಎಂದಳು. ಮಾರನೆಯ ದಿನ ಮತ್ತೆ ತೋರಿಸು ಎಂದಳು. ಚೀನಾದ ಕಲಾವಿದೆ ತಿಂಗಳಿಗೊಮ್ಮೆ ಫೋನಿನಲ್ಲಿ ಮುಖ ತೋರಿಸುತ್ತಿದ್ದಳು. ಇಬ್ಬರೂ ತಮ್ಮ ತಮ್ಮ ಭಾಷೆಯಲ್ಲಿ ಮಾತಾಡುತ್ತಿದ್ದರು. ನಾನು ಫೋನು ಹಿಡಿದುಕೊಂಡು ಕೂರುತ್ತಿದ್ದೆ.

ಮೂರು ವರ್ಷದ ಮೇಲೆ ದೊಡ್ಡಮ್ಮನ ಎದೆ ಕಟ್ಟತೊಡಗಿತು. ನೂಲು ಬಿಚ್ಚುವವರಿಗೆ ಬರುವುದೇ ಅದು. ಹಬೆ, ಹೊಗೆ, ಬೆಂದ ಹುಳದ ಗಾಳಿ, ಎಲ್ಲವೂ ಒಳಗೆ ಕೂತಿರುತ್ತದೆ. ಕೊನೆಗೆ ಬೆಂಗಳೂರಿನ ಆಸ್ಪತ್ರೆಗೆ ಕರೆದುಕೊಂಡು ಹೋದೆ. ಕನ್ನಡ ಬಾರದ, ಹಿಂದಿ ಸೀಮೆಯ ಒಬ್ಬ ಡಾಕ್ಟರು ಎಕ್ಸ್‌ರೇ ಹಿಡಿದು, ನನಗೆ ಇಂಗ್ಲಿಷಿನಲ್ಲಿ ನಿಧಾನವಾಗಿ ವಿವರಿಸಿದರು. ದೊಡ್ಡಮ್ಮ ಬೆಂಚಿನ ಮೇಲೆ ಕೂತು ನನ್ನ ಮುಖವನ್ನೇ ನೋಡುತ್ತಿದ್ದಳು.

"ಏನಂದ್ರು ಪಾಪ?"

ಕಾರಿಡಾರಿನಲ್ಲಿ ಗದ್ದಲವಿತ್ತು. ಮೆತ್ತಗೆ ಮಾಡಿ ಹೇಳುವ ಮಾತುಗಳು ಐದಾರು ನನ್ನ ಬಾಯಿಯ ಹತ್ತಿರವೇ ಇದ್ದವು. ನಾನು ಪಕ್ಕದಲ್ಲಿ ಕೂತೆ.

"ಎದೆ ಒಳಗೆ ಎರಡೂ ಕಡೆ ಗಟ್ಟಿಯಾಗಿದೆಯಂತೆ. ಮದ್ದು ಕೊಟ್ರೆ ಉಸಿರಾಟ ಸ್ವಲ್ಪ ಹಗುರ ಆಗುತ್ತೆ, ವಾಸಿ ಆಗಲ್ಲ ಅಂದ್ರು. ಕೆಲವು ತಿಂಗಳು ಅಂದ್ರು."

ಅವಳು ನನ್ನ ಮಂಡಿಯ ಮೇಲೆ ಕೈಯಿಟ್ಟಳು. "ಸರ್ಯಾಗಿ ಹೇಳ್ದೆ" ಎಂದಳು. ಆಮೇಲೆ, "ನಡಿ, ಮೂರು ಗಂಟೆ ರೈಲಿಗೆ ಹೋಗಾನ. ಇಲ್ಲಿ ಕಾಫಿ ಚೆನ್ನಾಗಿಲ್ಲ."

ಅಕ್ಟೋಬರಿನಲ್ಲಿ ಒಂದು ಮಂಗಳವಾರ ಹೋದಳು. ಕಲ್ಯಾಣದುರ್ಗದ ಕಡೆಯಿಂದ ತಮ್ಮನ ಹೆಂಡತಿ ಬಂದು ಎರಡು ವಾರದಿಂದ ಜೊತೆಗಿದ್ದಳು. ಬೆಳಿಗ್ಗೆ ಎಂಟು ಗಂಟೆ. ನಾನು ಕಾಲೇಜಿಗೆ ಹೊರಟವಳು ಇಣುಕಿದೆ. ದೊಡ್ಡಮ್ಮ ಗೋಡೆಗೆ ಒರಗಿ ಕೂತಿದ್ದಳು, ಮಲಗಿದರೆ ಉಸಿರು ಕಟ್ಟುತ್ತಿತ್ತು. "ಸೊಪ್ಪಿನೋನು ಬಂದ್ರೆ ಎರಡು ಕಟ್ಟು ಇಸ್ಕೋ" ಎಂದಳು. "ದಂಟಿದ್ರೆ ಮಾತ್ರ." ನಾನು ಆಯ್ತು ಎಂದು ಅಂಗಳ ದಾಟುವಷ್ಟರಲ್ಲಿ ಒಳಗಿನಿಂದ ತಮ್ಮನ ಹೆಂಡತಿ ಕರೆದಳು.

ಜನ ಸೇರುವ ಮೊದಲೇ ಸೊಪ್ಪಿನವನು ಬೀದಿಗೆ ಬಂದ. ದಂಟಿತ್ತು. ಎರಡು ಕಟ್ಟು ತೆಗೆದುಕೊಂಡೆ. ಬೇಡ ಅನ್ನುವುದಕ್ಕೆ ನನಗೆ ತೋಚಲಿಲ್ಲ.

ಮಧ್ಯಾಹ್ನ ಚೀನಾದ ಕಲಾವಿದೆಗೆ, ಇವತ್ತು ಬೆಳಿಗ್ಗೆ ತೀರಿಕೊಂಡಳು ಎಂದು ಬರೆದೆ. ಸ್ವಲ್ಪ ಹೊತ್ತಿಗೆ ಆಕೆ, ಕೊನೆಗೆ ಏನಾದರೂ ಹೇಳಿದಳೇ ಎಂದು ಕೇಳಿದಳು. ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದೆ. ದಂಟಿಗೆ ಇಂಗ್ಲಿಷಿನಲ್ಲಿ ಏನನ್ನುತ್ತಾರೋ ಆ ಗಳಿಗೆಯಲ್ಲಿ ನೆನಪಾಗಲಿಲ್ಲ. ಅಡುಗೆಮನೆಯ ಕಟ್ಟೆಯ ಮೇಲಿದ್ದ ಎರಡು ಕಟ್ಟುಗಳ ಫೋಟೊ ತೆಗೆದು ಕಳಿಸಿದೆ. ಆಕೆಯ ಉತ್ತರ ಸಂಜೆ ಬಂತು. ಆಕೆಯ ಲಿಪಿಯಲ್ಲಿ ಎರಡೇ ಎರಡು ಅಕ್ಷರ, ಅದರ ಕೆಳಗೆ ಇಂಗ್ಲಿಷಿನಲ್ಲಿ, ನಮ್ಮಲ್ಲಿ ಇದಕ್ಕೆ ಹೀಗನ್ನುತ್ತೇವೆ, ನನ್ನ ತಾಯಿ ಇದನ್ನೇ ಮಾರುತ್ತಿದ್ದಳು ಎಂದಿತ್ತು.